ಕರಡಿಗೆಯೂ ಕೈಗಡಿಯಾರವೂ

ಮನುಷ್ಯನು ಮೈಮೇಲೆ ಧರಿಸುವ ಯಾವ ವಸ್ತುವೇ ಆಗಲಿ, ಧರಿಸಿದವನಿಗೆ ಒಂದು ಉಪಯೋಗವನ್ನು ಮಾಡುತ್ತದೆ. ಅದರೊಡನೆ ನೋಡಿದವರಿಗೆ ಒಂದು ಮಾತನ್ನೂ ಹೇಳುತ್ತದೆ. ಕಂಬಳಿಯು ಚಳಿಯನ್ನು ಕಳೆಯುತ್ತದೆ. ಹೊದ್ದವನ ಊರು, ಕಸುಬುಗಳನ್ನೂ ಸೂಚಿಸುತ್ತದೆ. ಈ ಎರಡನೆಯದನ್ನು ಶರಣರ ಪರಿಭಾಷೆಯಲ್ಲಿ ಕುರುಹು ಎನ್ನಬಹುದು. ಕುರುಹು ಬೇಡವೆಂದು ಶರಣರು ಹೇಳಲಿಲ್ಲ. ಇಷ್ಟಲಿಂಗವೇ ಒಂದು ಕುರುಹು. ಅರಿವಿನ ಬಳಿಗೆ ಕೈಹಿಡಿದು ಕರೆದೊಯ್ಯುವವರೆಗೆ ಕುರುಹು ಪೂಜ್ಯವಾದುದು. ಅರಿವನ್ನು ಮರೆಯಿಸಿ ತಾನೇ ಮುಂದೆ ನಿಂತಿತೆಂದರೆ ಅದು ವೇಷವಾಗುತ್ತದೆ. ವೇಷಧಾರಿಗಳನ್ನು ಕುರಿತು ಅಂಬಿಗರ ಚೌಡಯ್ಯನಂಥವರು ಎಷ್ಟು ಕಟುವಾಗಿ ನುಡಿದರೆಂಬುದು ವಚನಗಳನ್ನು ಓದುವ ಮನೆಗಳಲ್ಲೆಲ್ಲ ತಿಳಿದ ವಿಷಯವೇ. ಆದರೆ ವೇಷವನ್ನು ಹಳಿಯುವವನ ಮನಸ್ಸಿನಲ್ಲಿಯೂ ಇನ್ನೊಂದು ವೇಷವು ಅಡಗಿ ಕುಳಿತಿರಬಹುದಲ್ಲವೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವವರು ಕಡಿಮೆ. ಇದಕ್ಕೊಂದು ದೃಷ್ಟಾಂತವು ದೂರದ ಸ್ವಿಟ್ಜರ್ಲೆಂಡಿನಿಂದ ದೊರೆಯುತ್ತದೆ.

ಆ ದೇಶದ ಜಿನೀವಾ ಪಟ್ಟಣದಲ್ಲಿ ತಯಾರಾಗುವ ರೋಲೆಕ್ಸ್ ಎಂಬ ಕೈಗಡಿಯಾರದ ಹೆಸರನ್ನು ಕೇಳದವರು ವಿರಳ. ಗಡಿಯಾರಗಳ ವಿಷಯವಾಗಿ ಏನೂ ತಿಳಿಯದವನು ಸಹ ಅದರ ಹೆಸರನ್ನು ಹೇಳಬಲ್ಲನು; ಅದರ ಐದು ಮೊನೆಯ ಕಿರೀಟದ ಗುರುತನ್ನು ದೂರದಿಂದಲೇ ಗುರುತಿಸಬಲ್ಲನು. ಆದರೆ ಯುರೋಪು ಅಮೆರಿಕಗಳಲ್ಲಿ ಗಡಿಯಾರಗಳನ್ನು ಕೂಡಿಸುವುದನ್ನೇ ಒಂದು ವ್ಯಸನವಾಗಿ ಮಾಡಿಕೊಂಡ ಜನರಿದ್ದಾರೆ. ಗಡಿಯಾರದ ಒಳಗಿನ ಹಲ್ಲುಚಕ್ರ, ತಿರುಪು, ಸುರುಳಿಗಳನ್ನೆಲ್ಲ ಬಲ್ಲವರು ಅವರು. ಅಂಥವರಲ್ಲಿ ಅನೇಕರಿಗೆ ಈ ರೋಲೆಕ್ಸನ್ನು ಕಂಡರಾಗದು. ಅರಿಯದವರು ಕೊಂಡಾಡುವ ವಸ್ತುವನ್ನು ಬಲ್ಲವರು ಹಳಿಯುವುದು ವಿಚಿತ್ರವಾಗಿ ಕಾಣುತ್ತದೆ. ಕಾರಣಗಳನ್ನು ವಿಚಾರಿಸಿದರೆ ಶರಣಧರ್ಮದ ಒಂದು ದೊಡ್ಡ ಪ್ರಶ್ನೆಯೇ ಅಲ್ಲಿ ಎದುರಾಗುತ್ತದೆ.

ಈ ಸಂಸ್ಥೆಯನ್ನು ಕಟ್ಟಿದವನು ಹಾನ್ಸ್ ವಿಲ್ಸ್‌ಡಾರ್ಫ್. ಜರ್ಮನಿಯ ಬವೇರಿಯಾ ಸೀಮೆಯಲ್ಲಿ ೧೮೮೧ರಲ್ಲಿ ಜನಿಸಿ, ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡವನು. ೧೯೦೫ರಲ್ಲಿ ಲಂಡನ್ನಿನಲ್ಲಿ ಭಾಗಸ್ಥನೊಬ್ಬನೊಡನೆ ವ್ಯಾಪಾರವನ್ನು ಆರಂಭಿಸಿದನು. ಮುಂದೆ ಜಿನೀವಾ ಪಟ್ಟಣವನ್ನು ಸೇರಿದನು. ಆ ಕಾಲದಲ್ಲಿ ಗಂಡಸರು ಜೇಬಿನಲ್ಲಿಡುವ ಗಡಿಯಾರವನ್ನೇ ನೆಚ್ಚಿದ್ದರು. ಕೈಗೆ ಕಟ್ಟುವ ಗಡಿಯಾರವೆಂದರೆ ಹೆಂಗಸರ ಆಭರಣ, ವೇಳೆಯನ್ನು ಸರಿಯಾಗಿ ತೋರಲಾರದ ಆಟಿಕೆ ಎಂಬ ಭಾವನೆಯಿತ್ತು. ಇದನ್ನು ಸುಳ್ಳುಮಾಡಬೇಕೆಂದು ವಿಲ್ಸ್‌ಡಾರ್ಫನು ಹಟ ಹಿಡಿದನು. ೧೯೧೪ರಲ್ಲಿ ಅವನ ಒಂದು ಪುಟ್ಟ ಕೈಗಡಿಯಾರವು ಇಂಗ್ಲೆಂಡಿನ ಕ್ಯೂ ವೇಧಶಾಲೆಯಲ್ಲಿ ೪೫ ದಿನಗಳ ಪರೀಕ್ಷೆಯನ್ನು ತಾಳಿ ಮೊದಲನೆಯ ದರ್ಜೆಯ ಪ್ರಮಾಣಪತ್ರವನ್ನು ಪಡೆಯಿತು. ೧೯೨೬ರಲ್ಲಿ ನೀರು ಧೂಳುಗಳು ಒಳಹೋಗದಂತೆ ಬೆನ್ನಿನ ಮುಚ್ಚಳವನ್ನೂ ಚಾವಿಯ ಗುಂಡಿಯನ್ನೂ ತಿರುಪಿನಿಂದ ಬಿಗಿಯುವ ಕವಚವು ಬಂದಿತು. ಸಿಂಪಿಯ ಚಿಪ್ಪಿನಂತೆ ಮುಚ್ಚಿಕೊಳ್ಳುವುದರಿಂದ ಅದಕ್ಕೆ ಆಯ್‌ಸ್ಟರ್ ಎಂದೇ ಹೆಸರಾಯಿತು. ೧೯೩೧ರಲ್ಲಿ ಕೈಯ ಅಲುಗಾಟದಿಂದಲೇ ಚಾವಿ ತುಂಬಿಕೊಳ್ಳುವ ಯಂತ್ರವು ಬಂದಿತು. ಇಂದಿಗೂ ಈ ಗಡಿಯಾರವು ದಿನವೊಂದಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚಾಗಿ ಹಿಂದೆ ಮುಂದೆ ಹೋಗಬಾರದೆಂಬುದು ಆ ಸಂಸ್ಥೆಯೇ ಇಟ್ಟುಕೊಂಡ ಅಳತೆ. ಹೀಗಿರಲಾಗಿ, ಅದು ಕಳಪೆಯೆಂದು ಹಳಿಯುವ ಸಂಗ್ರಾಹಕರು ಬಹಳ ಮಂದಿಯಿಲ್ಲ. ಅವರ ಮುನಿಸು ಗಡಿಯಾರದ ಮೇಲಿನದಕ್ಕಿಂತ ಅದರ ಸುತ್ತ ಬೆಳೆದ ಕೀರ್ತಿಯ ಮೇಲಿನದು.

ಕೀರ್ತಿ ಬೆಳೆದ ಬಗೆಯನ್ನು ನೋಡಬೇಕು. ೧೯೨೭ರ ಅಕ್ಟೋಬರಿನಲ್ಲಿ ಮರ್ಸಿಡಿಸ್ ಗ್ಲೀಟ್ಸೆ ಎಂಬ ತರುಣಿಯು ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದಳು. ಕೆಲವರು ಅದನ್ನು ಶಂಕಿಸಿದ್ದರಿಂದ ಅದೇ ತಿಂಗಳು ಮತ್ತೊಮ್ಮೆ ನೀರಿಗಿಳಿದಳು. ಆ ಸಲ ರೋಲೆಕ್ಸ್ ಗಡಿಯಾರವೊಂದು ಅವಳ ಕೊರಳಲ್ಲಿತ್ತು. ಹತ್ತು ಗಂಟೆಗಳಿಗೂ ಮಿಗಿಲಾಗಿ ಕೊರೆಯುವ ನೀರಿನಲ್ಲಿ ಹೋರಾಡಿದ ಮೇಲೆ ಅವಳನ್ನು ದೋಣಿಗೆ ಎತ್ತಿಕೊಳ್ಳಬೇಕಾಯಿತು; ಗಡಿಯಾರ ಮಾತ್ರ ಸರಿಯಾಗಿ ನಡೆಯುತ್ತಿತ್ತು. ವಿಲ್ಸ್‌ಡಾರ್ಫನು ಲಂಡನ್ನಿನ ಡೈಲಿ ಮೇಲ್ ಪತ್ರಿಕೆಯ ಮೊದಲ ಪುಟವನ್ನೇ ಜಾಹೀರಾತಿಗಾಗಿ ಕೊಂಡನು. ಈಜಿದವಳು ಸೋತು ಕಟ್ಟಿಕೊಂಡದ್ದು ಗೆದ್ದ ಕಥೆಯಿದು! ಇಂಥ ಕಥೆಗಳನ್ನು ಮಾರುವುದರಲ್ಲಿಯೇ ಆ ಸಂಸ್ಥೆಯ ಜಾಣತನವಿದೆಯೆಂದು ಸಂಗ್ರಾಹಕರು ಆಕ್ಷೇಪಿಸುತ್ತಾರೆ. ತಿರುಪಿನ ಗುಂಡಿಯು ಬೇರೆ ಇಬ್ಬರು ಸ್ವಿಸ್ ಕುಶಲಿಗರ ಕಲ್ಪನೆ, ಅವರಿಂದ ಹಕ್ಕನ್ನು ಪಡೆದದ್ದು. ತಾನೇ ಚಾವಿ ತುಂಬಿಕೊಳ್ಳುವ ಕೈಗಡಿಯಾರವನ್ನು ಜಾನ್ ಹಾರ್ವುಡ್ ಎಂಬ ಇಂಗ್ಲಿಷನು ಅದಕ್ಕೂ ಮೊದಲೇ ಮಾಡಿದ್ದನು ಎಂದು ಅವರು ನೆನಪಿಸುತ್ತಾರೆ. ೧೯೫೩ರಲ್ಲಿ ಎವರೆಸ್ಟನ್ನು ಏರಿದ ತಂಡಕ್ಕೆ ರೋಲೆಕ್ಸ್ ಗಡಿಯಾರಗಳನ್ನು ಕೊಟ್ಟದ್ದು ನಿಜ. ಆದರೆ ಹಿಲರಿಯು ಶಿಖರಕ್ಕೆ ಕೊಂಡೊಯ್ದದ್ದು ಸ್ಮಿತ್ಸ್ ಎಂಬ ಇಂಗ್ಲಿಷ್ ಗಡಿಯಾರವನ್ನು. ಆ ಸ್ಮಿತ್ಸ್ ಗಡಿಯಾರವು ಈಗಲೂ ಲಂಡನ್ನಿನ ಗಡಿಯಾರಗಾರರ ವಸ್ತುಸಂಗ್ರಹಾಲಯದಲ್ಲಿದೆ. ಮಾಡಿದ ಕಾಯಕಕ್ಕೆ ಸಲ್ಲುವ ಹೊಗಳಿಕೆ ಒಂದು, ಮಾಡಿಸಿಕೊಂಡ ಹೊಗಳಿಕೆ ಇನ್ನೊಂದು ಎಂಬುದು ಅವರ ವಾದದ ತಿರುಳು. ಇದರಲ್ಲಿ ಸತ್ಯವಿಲ್ಲವೆನ್ನಲಾಗದು.

ಎರಡನೆಯ ಮುನಿಸು ಇನ್ನೂ ಬಲವಾದುದು. ಆ ಸಂಸ್ಥೆಯು ಲೆಕ್ಕಗಳನ್ನು ಪ್ರಕಟಿಸುವುದಿಲ್ಲ. ಆದರೂ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಗಡಿಯಾರಗಳು ಅಲ್ಲಿಂದ ಹೊರಬೀಳುತ್ತವೆಂದು ಈ ವ್ಯಾಪಾರವನ್ನು ಬಲ್ಲವರ ಅಂದಾಜು. ಇಷ್ಟಾಗಿಯೂ ಹಣವನ್ನು ಹಿಡಿದು ಅಂಗಡಿಗೆ ಹೋದವನಿಗೆ ಬೇಕಾದ ಗಡಿಯಾರ ಸಿಕ್ಕುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿರುವುದು ನೋಡುವುದಕ್ಕೆ ಮಾತ್ರ, ಮಾರುವುದಕ್ಕಲ್ಲವೆಂಬ ಉತ್ತರ ಬರುತ್ತದೆ. ಹೆಸರನ್ನು ಬರೆಯಿಸಿ ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷಗಟ್ಟಲೆ ಕಾಯಬೇಕು. ಕೆಲವು ಅಂಗಡಿಕಾರರು ಗಿರಾಕಿಯು ಇದುವರೆಗೆ ತಮ್ಮಲ್ಲಿ ಎಷ್ಟು ಖರ್ಚು ಮಾಡಿದ್ದಾನೆಂಬುದನ್ನು ನೋಡಿ ಅವನ ಯೋಗ್ಯತೆಯನ್ನು ಅಳೆಯುತ್ತಾರೆಂದೂ, ಬೇಕಿಲ್ಲದ ಒಡವೆ ಗಡಿಯಾರಗಳನ್ನು ಕೊಂಡ ಮೇಲೆಯೇ ಬೇಕಾದುದರ ಬಾಗಿಲು ತೆರೆಯುತ್ತದೆಂದೂ ಸಂಗ್ರಾಹಕರ ದೂರು. ಅತ್ತ, ಅಂಗಡಿಯಲ್ಲಿ ಕೊಂಡೊಡನೆ ಹೊರಗೆ ಹೆಚ್ಚಿನ ಬೆಲೆಗೆ ಮಾರಿಕೊಳ್ಳುವ ಜನವೂ ಹುಟ್ಟಿಕೊಂಡಿತು. ೨೦೨೨ರ ಮೊದಲ ತಿಂಗಳುಗಳಲ್ಲಿ ಈ ಹೊರಗಿನ ಬೆಲೆ ಶಿಖರಕ್ಕೇರಿ ಬಳಿಕ ಇಳಿಯಿತು. ಕೊರತೆಯು ತಾನು ಬೇಕೆಂದು ಮಾಡಿದ್ದಲ್ಲ, ಗುಣವನ್ನು ಕೆಡಿಸದೆ ಹೆಚ್ಚು ತಯಾರಿಸಲಾಗದೆಂದು ಸಂಸ್ಥೆಯು ೨೦೨೧ರಲ್ಲಿ ಹೇಳಿಕೊಂಡಿತು. ಮರುವರ್ಷ ಬ್ಯೂಲ್ ಎಂಬಲ್ಲಿ ಹೊಸ ಕಾರ್ಖಾನೆಯ ಯೋಜನೆಯನ್ನೂ ಪ್ರಕಟಿಸಿತು. ಅದನ್ನು ನಂಬುವವರೂ ಉಂಟು, ನಂಬದವರೂ ಉಂಟು.

ಕೊಂಡು ಮಾರುವವರ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ. ಹೆಚ್ಚಿನದನ್ನು ಮೊದಲಿದ್ದಲ್ಲಿಯೇ ಸುರಿದು ಬರುವಂತೆ ಗಂಡನನ್ನು ತಿರುಗಿ ಕಳುಹಿಸಿದಳು. ಕದ್ದ ಅಕ್ಕಿಯಲ್ಲ ಅದು, ನೆಲಕ್ಕೆ ಬಿದ್ದ ಅಕ್ಕಿ. ಬೇಕಾದುದಕ್ಕಿಂತ ಮಿಗಿಲಾದುದನ್ನು ಕೈಯು ಮುಟ್ಟಿತೆಂಬುದೇ ಆ ತಾಯಿಗೆ ಸಾಕಾಯಿತು.

ಆದರೆ ಅಂಗಡಿಯ ಬಾಗಿಲಲ್ಲಿ ಯೋಗ್ಯತೆಯನ್ನು ಅಳೆಯುವ ಮಾತು ಬಂದಾಗ, ಇದೇ ಸಂಸ್ಥೆಯ ಹಿಂದಿನ ಒಂದು ನಡತೆಯನ್ನು ಹೇಳದೆ ಮುಂದಕ್ಕೆ ಹೋಗುವುದು ಅನ್ಯಾಯವಾದೀತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಶಿಬಿರಗಳಲ್ಲಿದ್ದ ಬ್ರಿಟಿಷ್ ಸೈನಿಕರ ಗಡಿಯಾರಗಳನ್ನು ಕಾವಲಿನವರು ಕಿತ್ತುಕೊಂಡಿದ್ದರು. ಅಂಥ ಬಂದಿಗಳು ಕಾಗದ ಬರೆದರೆ ವಿಲ್ಸ್‌ಡಾರ್ಫನು ಜಿನೀವಾದಿಂದ ಹೊಸ ಗಡಿಯಾರವನ್ನು ಕಳುಹಿಸಿಕೊಡುತ್ತಿದ್ದನು. ಯುದ್ಧ ಮುಗಿಯುವವರೆಗೆ ಹಣದ ಯೋಚನೆಯನ್ನೇ ಮಾಡಬೇಡಿರೆಂದು ತಿಳಿಸುತ್ತಿದ್ದನು. ಯುದ್ಧದಲ್ಲಿ ಯಾರು ಗೆಲ್ಲುವರೆಂದು ಯಾರಿಗೆ ಗೊತ್ತಿತ್ತು? ಬಂದಿಯು ಬದುಕಿ ಮನೆ ಸೇರುವನೆಂಬ ಭರವಸೆಯಾದರೂ ಎಲ್ಲಿತ್ತು? ಹೀಗೆ ೧೯೪೩ರಲ್ಲಿ ಗಡಿಯಾರವನ್ನು ತರಿಸಿಕೊಂಡವರಲ್ಲಿ ಒಬ್ಬನು ಕಾರ್ಪೊರಲ್ ದರ್ಜೆಯ ಸಾಮಾನ್ಯ ಸೈನಿಕ. ಶಿಬಿರದಲ್ಲಿ ಅವನು ಮಾಡುತ್ತಿದ್ದುದು ಬೂಟುಗಳನ್ನು ಹೊಲಿಯುವ ಕೆಲಸ. ಯುದ್ಧಾನಂತರ ಅವನು ಹಣವನ್ನು ಸಲ್ಲಿಸಿದನು. ಹರಳಯ್ಯನ ಕಾಯಕವನ್ನು ನೆನೆಯುವ ಭಕ್ತರಿಗೆ ಈ ಚಮ್ಮಾರನ ಪ್ರಸಂಗವು ಅಪರಿಚಿತವಾಗಿ ತೋರಲಾರದು. ಮಾತನ್ನೇ ಒತ್ತೆಯಾಗಿ ಕೊಟ್ಟವನು ಒಬ್ಬ, ಮಾತನ್ನೇ ಹಣವೆಂದು ಸ್ವೀಕರಿಸಿದವನು ಇನ್ನೊಬ್ಬ. ಆ ಹೆಸರಿನ ಗಡಿಯಾರಕ್ಕಾಗಿ ಇಂದು ಸಿರಿವಂತನು ಕೂಡ ಅಂಗಡಿಯ ಮುಂದೆ ತನ್ನ ಖರ್ಚಿನ ಚರಿತ್ರೆಯನ್ನು ತೋರಿಸಿ ನಿಲ್ಲಬೇಕಾಗಿದೆಯೆಂಬ ಸಂಗ್ರಾಹಕರ ಕೊರಗು ಇದರ ಎದುರಿನಲ್ಲಿ ಇನ್ನಷ್ಟು ಅರ್ಥವನ್ನು ಪಡೆಯುತ್ತದೆ. ದಾಸೋಹದ ಮನೆಯಲ್ಲಿ ಬಂದವನ ಹಸಿವನ್ನು ಕೇಳುತ್ತಾರೆ. ಅವನ ಹಿಂದಿನ ಊಟಗಳ ಲೆಕ್ಕವನ್ನು ಕೇಳುವವರಿಲ್ಲ.

ಇಲ್ಲಿಯವರೆಗೆ ಸಂಗ್ರಾಹಕರ ಪಕ್ಷವು ಗಟ್ಟಿಯಾಗಿಯೇ ಇದೆ. ಆದರೆ ಅವರು ಇಷ್ಟಕ್ಕೇ ನಿಲ್ಲುವುದಿಲ್ಲ. ಅಂಗಡಿಕಾರನ ಮೇಲಿನ ಮುನಿಸು ನಿಧಾನವಾಗಿ ಗಡಿಯಾರದ ಮೇಲಕ್ಕೆ, ಗಡಿಯಾರದ ಮೇಲಿನದು ಅದನ್ನು ಕಟ್ಟಿದವನ ಮೇಲಕ್ಕೆ ಹರಿಯುತ್ತದೆ. ಎದುರಿಗೆ ಬಂದವನ ಮುಂಗೈಯಲ್ಲಿ ಆ ಕಿರೀಟದ ಗುರುತು ಕಂಡೊಡನೆ, ಇವನಿಗೆ ಹಣವಿದೆ, ತಿಳಿವಿಲ್ಲ ಎಂಬ ತೀರ್ಪು ಅವರ ಮನಸ್ಸಿನಲ್ಲಿ ಮುಗಿದುಹೋಗಿರುತ್ತದೆ. ತಾವಾದರೋ ಯಾರಿಗೂ ತಿಳಿಯದ, ಒಬ್ಬಿಬ್ಬರು ಕುಶಲಿಗರು ಕೈಯಿಂದಲೇ ಮಾಡಿದ ಗಡಿಯಾರವನ್ನು ಕಟ್ಟಿಕೊಳ್ಳುತ್ತಾರೆ. ಅದರ ಬೆಲೆ ಕೆಲವು ಸಲ ರೋಲೆಕ್ಸಿಗಿಂತ ಎಷ್ಟೋ ಮಡಿ ಹೆಚ್ಚು. ಸಾವಿರ ಜನರ ನಡುವೆ ಒಬ್ಬನೇ ಒಬ್ಬ ಬಲ್ಲವನು ಅದನ್ನು ಗುರುತಿಸಿ ಹುಬ್ಬೇರಿಸಿದರೆ ಆಗುವ ಸುಖವನ್ನು ಅವರೇ ಬಲ್ಲರು. ಸಾವಿರ ಮಂದಿ ನೋಡಲೆಂಬ ಆಸೆಗೂ ಆ ಒಬ್ಬನು ನೋಡಲೆಂಬ ಆಸೆಗೂ ಅಂತರವೆಷ್ಟು? ನೋಡುವ ಕಣ್ಣುಗಳ ಸಂಖ್ಯೆಯಲ್ಲಿ ಅಂತರವಿದೆ, ಆಸೆಯಲ್ಲಿಲ್ಲ.

ಮುಂಗೈಯನ್ನು ನೋಡಿ ಮನುಷ್ಯನನ್ನು ತಿಳಿಯುವೆನೆಂಬುದು ಎಷ್ಟು ದುರ್ಬಲವಾದ ವಿದ್ಯೆಯೆಂಬುದಕ್ಕೆ ಅಮೆರಿಕದಲ್ಲಿಯೇ ಉದಾಹರಣೆಯಿದೆ. ಡಾಮಿನೋಸ್ ಎಂಬ ಪಿಜ್ಜಾ ಮಾರುವ ಕಂಪನಿಯು ನಿಗದಿಯಾದ ಮಾರಾಟವನ್ನು ಮುಟ್ಟಿದ ತನ್ನ ಅಂಗಡಿಗಳ ಮೇಲ್ವಿಚಾರಕರಿಗೆ, ಕಂಪನಿಯ ಗುರುತನ್ನು ಮುಖದ ಮೇಲೆಯೇ ಅಚ್ಚೊತ್ತಿಸಿದ ರೋಲೆಕ್ಸನ್ನು ಬಹುಮಾನವಾಗಿ ಕೊಡುತ್ತಿತ್ತು. ಬೆಂಕಿಯೊಲೆಯ ಮುಂದೆ ಬೆವರು ಸುರಿಸಿ ದುಡಿದವನ ಕೈಯಲ್ಲಿ ಅದು ಇರುವಾಗ ದೂರದಿಂದ ನೋಡಿದವನು, ಅದನ್ನು ಆಡಂಬರವೆಂದೇ ತಿಳಿಯುತ್ತಾನೆ. ಅವನ ಪಾಲಿಗೆ ಅದು ಕಾಯಕದ ನೆನಪು.

ಇನ್ನೊಂದು ಪ್ರಸಂಗವು ಸಂಗ್ರಾಹಕರ ಕಣ್ಣನ್ನೇ ಪರೀಕ್ಷಿಸುತ್ತದೆ. ೧೯೬೦ರ ದಶಕದಲ್ಲಿ ರೋಲೆಕ್ಸ್ ಡೇಟೋನಾ ಎಂಬ, ಕೈಯಿಂದ ಚಾವಿ ಕೊಡುವ ಒಂದು ಬಗೆಯ ಗಡಿಯಾರವನ್ನು ತಯಾರಿಸಿತು. ಅದನ್ನು ಕೇಳುವವರು ಕಡಿಮೆಯಾಗಿದ್ದರು. ಅಂಗಡಿಗಳಲ್ಲಿ ಧೂಳು ತಿನ್ನುತ್ತಿತ್ತು. ಚಲಚ್ಚಿತ್ರನಟ ಪಾಲ್ ನ್ಯೂಮನ್ನನಿಗೆ ಮೋಟಾರು ಪಂದ್ಯಗಳ ಹುಚ್ಚಿತ್ತು. ಅವನ ಹೆಂಡತಿ ಜೋನ್ ವುಡ್‌ವರ್ಡಳು ಅಂಥದೊಂದನ್ನು ಕೊಂಡು, ಎಚ್ಚರಿಕೆಯಿಂದ ವಾಹನ ನಡೆಸೆಂಬ ಅರ್ಥದ ಮಾತನ್ನು ಹಿಂಬದಿಯಲ್ಲಿ ಕೆತ್ತಿಸಿ ಅವನಿಗೆ ಕೊಟ್ಟಳು. ಬಹುಕಾಲ ಕಟ್ಟಿಕೊಂಡ ಮೇಲೆ ಅವನು ಅದನ್ನು ಮಗಳ ಗೆಳೆಯನಿಗೆ ಸುಮ್ಮನೆ ಬಿಚ್ಚಿ ಕೊಟ್ಟುಬಿಟ್ಟನು. ೨೦೧೭ರ ಅಕ್ಟೋಬರ್ ೨೬ರಂದು ನ್ಯೂಯಾರ್ಕಿನ ಹರಾಜಿನಲ್ಲಿ ಅದೇ ಗಡಿಯಾರವು ೧ ಕೋಟಿ ೭೭ ಲಕ್ಷ ಡಾಲರುಗಳಿಗೂ ಮಿಗಿಲಾದ ಬೆಲೆಗೆ ಹೋಯಿತು. ಒಳಗಿನ ಚಕ್ರಗಳು ಅವೇ, ತೋರುವ ವೇಳೆಯೂ ಅದೇ. ಬಲ್ಲವರು ತಾವೆಂದು ಹೇಳಿಕೊಂಡವರು ಕೊಂಡದ್ದು ಏನನ್ನು? ಗಂಡನ ಪ್ರಾಣಕ್ಕಾಗಿ ಅಂಜಿದ ಹೆಂಡತಿಯ ಮಾತು ಆ ಲೋಹದ ಮೇಲಿತ್ತು. ಅದಕ್ಕೆ ಬೆಲೆ ಕಟ್ಟಬಹುದೇ ಎಂಬುದನ್ನು ಗೃಹಸ್ಥರೇ ವಿಚಾರಿಸಲಿ.

ಅಲ್ಲಮಪ್ರಭುಗಳು ಗೋರಕ್ಷನನ್ನು ಕಂಡ ಪ್ರಸಂಗವು ಇಲ್ಲಿ ಮನನಕ್ಕೆ ಯೋಗ್ಯವಾಗಿದೆ. ಗೋರಕ್ಷನು ಸಾಧನೆಯಿಂದ ದೇಹವನ್ನು ವಜ್ರದಂತೆ ಮಾಡಿಕೊಂಡಿದ್ದನು. ಕತ್ತಿಯಿಂದ ಹೊಡೆದರೆ ಲೋಹಕ್ಕೆ ಲೋಹ ತಾಗಿದಂತೆ ಸದ್ದಾಯಿತೇ ಹೊರತು ಒಂದು ಗೀರು ಸಹ ಏಳಲಿಲ್ಲ. ಪ್ರಭುಗಳು ಆ ಸಿದ್ಧಿಯನ್ನು ಸುಳ್ಳೆನ್ನಲಿಲ್ಲ. ಅದಕ್ಕಿಂತ ಗಟ್ಟಿಯಾದ ಮೈಯನ್ನು ತೋರಿಸಿ ಅವನನ್ನು ಸೋಲಿಸಲೂ ಇಲ್ಲ. ಅದೇ ಕತ್ತಿಯನ್ನು ಅವನ ಕೈಗೆ ಕೊಟ್ಟು ತಮ್ಮನ್ನು ಹೊಡೆಯೆಂದರು. ಕತ್ತಿಯು ಬಯಲಿನಲ್ಲಿ ಆಡಿದಂತೆ ಹಾದುಹೋಯಿತು. ತಾಗುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ನೀರು ನುಗ್ಗದ ಕವಚವನ್ನು ಕೊಂಡಾಡುವವನೂ ಗೋರಕ್ಷನ ದಾರಿಯಲ್ಲಿಯೇ ಇದ್ದಾನೆ, ಅದಕ್ಕಿಂತ ಸೂಕ್ಷ್ಮವಾದ ಕವಚ ತನ್ನಲ್ಲಿದೆಯೆಂದು ಬೀಗುವವನೂ ಅದೇ ದಾರಿಯಲ್ಲಿದ್ದಾನೆ. ಹೊಡೆದರೆ ಇಬ್ಬರಲ್ಲಿಯೂ ಸದ್ದಾಗುತ್ತದೆ.

ಜಿನೀವಾದ ಗಡಿಯಾರದ ಜಗಳ ಭಕ್ತರ ಮನೆಗೆ ಏತಕ್ಕೆ ಎಂದು ಕೇಳುವವರಿರಬಹುದು. ಲಿಂಗಧಾರಣದ ದಿನಗಳಲ್ಲಿ, ಮದುವೆಯ ಮನೆಗಳಲ್ಲಿ ಆಗುವ ಮಾತುಗಳನ್ನು ಕಿವಿಗೊಟ್ಟು ಕೇಳಿದವರು ಹೀಗೆ ಕೇಳಲಾರರು. ಮೊಮ್ಮಗನಿಗೆ ಬೆಳ್ಳಿಯ ಕರಡಿಗೆಯೋ ಬಂಗಾರದ್ದೋ, ಎಷ್ಟು ತೂಕದ್ದು, ಯಾವ ಊರಿನ ಅಕ್ಕಸಾಲಿಗನದು ಎಂಬ ವಿಚಾರವು ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಹಬ್ಬುತ್ತದೆ. ಬೀಗರು, "ನಮ್ಮ ಕಡೆಯಿಂದ ಏನೂ ಕಡಿಮೆ ಮಾಡಿಲ್ಲರೀ ಯಜಮಾನರೇ" ಎಂದು ಹೇಳುವಾಗ ಕಣ್ಣು ಕೂಸಿನ ಮುಖದ ಮೇಲಿರದೆ ಕೊರಳ ಮೇಲಿರುತ್ತದೆ. ಇದು ವೇಷವೆಂದು ಎಲ್ಲರೂ ಒಪ್ಪುವರು. ಆದರೆ ಅದೇ ಪಂಕ್ತಿಯಲ್ಲಿ, ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಕಟ್ಟಿ ಧರಿಸಿದ ಹಿರಿಯರೊಬ್ಬರು ಕುಳಿತಿರುತ್ತಾರೆ. ಪಕ್ಕದವನ ಎದೆಯ ಮೇಲೆ ಹೊಳೆಯುವ ಬೆಳ್ಳಿಯನ್ನು ಓರೆಗಣ್ಣಿನಿಂದ ನೋಡಿ, ಇನ್ನೊಬ್ಬರ ಕಡೆಗೆ ವಾಲಿ, "ಈ ಕಾಲದವರಿಗೆ ಲಿಂಗಕ್ಕಿಂತ ಪೆಟ್ಟಿಗೆಯೇ ದೊಡ್ಡದು, ನೋಡಿರಿ" ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಆಡಿದ ಗಳಿಗೆಯಲ್ಲಿ ಅವರ ಮನಸ್ಸೂ ಪೆಟ್ಟಿಗೆಯ ಮೇಲೆಯೇ ಇತ್ತು. ಆ ಬೆಳ್ಳಿಯು ತೀರಿಹೋದ ತಾಯಿಯು ಕೂಡಿಟ್ಟ ಕಾಸಿನದ್ದಾಗಿರಬಹುದು; ಮಗನು ಅದನ್ನು ಧರಿಸಿರುವುದು ಆ ತಾಯಿಯ ನೆನಪಿಗೆ ಇರಬಹುದು. ಕೇಳಿದ್ದರೆ ತಿಳಿಯುತ್ತಿತ್ತು. ಕೇಳಲಿಲ್ಲ, ತೀರ್ಪು ಮೊದಲೇ ಆಗಿಹೋಗಿತ್ತು. ಹೀಗೆ ಒಂದು ಮಾತು ಕಿವಿಯಿಂದ ಕಿವಿಗೆ ಹೋಗಿ, ಅಣ್ಣತಮ್ಮಂದಿರ ಮನೆಗಳು ಒಂದರ ಬಾಗಿಲನ್ನು ಇನ್ನೊಂದು ತುಳಿಯದಂತಾಗುವುದೂ ಉಂಟು.

ಸಂಗ್ರಾಹಕರ ಇನ್ನೊಂದು ದೂರನ್ನು ಹೇಳದೆ ಬಿಡುವಂತಿಲ್ಲ. ಬೇರೆ ಶ್ರೇಷ್ಠ ಗಡಿಯಾರಗಳ ಬೆನ್ನಿಗೆ ಗಾಜನ್ನು ಕೂರಿಸಿರುತ್ತಾರೆ. ಒಳಗಿನ ಚಕ್ರಗಳ ನಯವನ್ನು, ನಡೆಯನ್ನು ಕಣ್ಣಾರೆ ಕಾಣಬಹುದು. ರೋಲೆಕ್ಸುಗಳಲ್ಲಿ ಬಹುಪಾಲಿನವಕ್ಕೆ ಬೆನ್ನಿನಲ್ಲಿ ಲೋಹದ ಮುಚ್ಚಳವೇ ಇದೆ. ಹೆಸರನ್ನು ಮುಂದೆ ಮೆರೆಸಿ ಕೆಲಸವನ್ನು ಹಿಂದೆ ಮುಚ್ಚಿಟ್ಟಿದ್ದಾರೆಂದು ಅವರು ಮೂದಲಿಸುತ್ತಾರೆ. ಈ ಒಂದು ವಿಷಯದಲ್ಲಿ ಮಾತ್ರ ಅವರ ಮೂದಲಿಕೆಗೆ ತಲೆದೂಗುವುದು ಕಷ್ಟ. ಆ ಮುಚ್ಚಳದ ಹಿಂದೆ ಯಾರದೋ ಕೈಯ ಕೆಲಸ ಯಾರ ಹೊಗಳಿಕೆಯನ್ನೂ ಬಯಸದೆ ನಡೆಯುತ್ತಲೇ ಇದೆಯಷ್ಟೆ!

ವಿಲ್ಸ್‌ಡಾರ್ಫನು ೧೯೬೦ರಲ್ಲಿ ತೀರಿಕೊಂಡನು. ೧೯೪೪ರಲ್ಲಿ ಹೆಂಡತಿಯು ಹೋದ ಮೇಲೆ ಅವನು ಒಂದು ನಿಧಿಯನ್ನು ಸ್ಥಾಪಿಸಿ ತನ್ನ ಪಾಲನ್ನೆಲ್ಲ ಅದಕ್ಕೆ ಒಪ್ಪಿಸಿದ್ದನು. ಇಂದಿಗೂ ಆ ಸಂಸ್ಥೆಗೆ ಒಡೆಯನು ಯಾವ ಮನೆತನವೂ ಅಲ್ಲ, ಆ ನಿಧಿಯೇ. ಜಿನೀವಾದಲ್ಲಿ ಅನೇಕ ದಾನಧರ್ಮಗಳು ಅದರಿಂದ ನಡೆಯುತ್ತವೆ. ಆರ್ವ್ ಹೊಳೆಗೆ ೨೦೧೨ರಲ್ಲಿ ತೆರೆದ ಸೇತುವೆಯೊಂದನ್ನು ಅದರ ಹಣದಿಂದಲೇ ಕಟ್ಟಲಾಗಿದೆ. ಸೇತುವೆಗೆ ವಿಲ್ಸ್‌ಡಾರ್ಫನ ಹೆಸರನ್ನು ಇಟ್ಟಿದ್ದಾರೆ, ನಿಜ. ದಾಟುವವರು ಕಿರೀಟದ ಗುರುತಿನ ಗಡಿಯಾರವನ್ನು ಕಟ್ಟಿದವರೂ ಇರಬಹುದು, ಅದನ್ನು ಹಳಿಯುವವರೂ ಇರಬಹುದು, ಗಡಿಯಾರವೇ ಇಲ್ಲದವರೂ ಇರಬಹುದು.

ಭಕ್ತನು ಗಡಿಯಾರವನ್ನು ಕಟ್ಟುವುದು ಸಾಮಾನ್ಯವಾಗಿ ಎಡಗೈಗೆ. ಇಷ್ಟಲಿಂಗವು ಬಿಜಯಂಗೈಯುವುದೂ ಎಡಗೈಯ ಕರಸ್ಥಲಕ್ಕೇ. ಆದುದರಿಂದ ಪೂಜೆಗೆ ಕುಳಿತವನು ಮೊದಲು ಮುಂಗೈಯ ಪಟ್ಟಿಯನ್ನು ಸಡಿಲಿಸಿ ಗಡಿಯಾರವನ್ನು ಬಿಚ್ಚಿ ಮಣೆಯ ಮೇಲಿಡುತ್ತಾನೆ. ಬಳಿಕ ಕೊರಳಿನ ಶಿವದಾರವನ್ನು ತೆಗೆದು, ಕರಡಿಗೆಯ ಮುಚ್ಚಳವನ್ನು ತೆರೆದು, ಲಿಂಗವನ್ನು ಅಂಗೈಗೆ ಬರಮಾಡಿಕೊಳ್ಳುತ್ತಾನೆ. ಕರಡಿಗೆಯು ಬೆಳ್ಳಿಯದಾಗಲಿ ಮರದ್ದಾಗಲಿ, ಅದನ್ನೂ ಗಡಿಯಾರದ ಪಕ್ಕದಲ್ಲಿಯೇ ಇಡುತ್ತಾನೆ. ಪೂಜೆಯು ಮುಗಿಯುವವರೆಗೆ ಎರಡೂ ಅಲ್ಲಿಯೇ ಇರುತ್ತವೆ.